ಶಿರಸಿಯಲ್ಲಿ ಈ ವಾರ ಚಳಿ ಜೋರಾಗುವ ಮುನ್ಸೂಚನೆ ಇದೆ. ಕಾರವಾರಕ್ಕೂ ಬರುತ್ತದಾ? ಅಂಗಳದಲ್ಲಿರುವ ಅಡಿಕೆಗೆ ಏನು ಮಾಡಬೇಕು?

ಬರುತ್ತದೆ, ಆದರೆ ಅಷ್ಟು ಕೊರೆಯುವುದಿಲ್ಲ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕಾರವಾರ ಕಡಲ ದಂಡೆಯಲ್ಲಿದೆ. ಬರೀ ಎತ್ತರದಿಂದ ಬರುವ ವ್ಯತ್ಯಾಸ 4 ಡಿಗ್ರಿಯ ಆಸುಪಾಸು. ಉಳಿದದ್ದೆಲ್ಲ ರಾತ್ರಿಯ ಕೆಲಸ. ಮೋಡವಿಲ್ಲದೆ ಒಣ ಮೂಡಣ ಗಾಳಿಯಿದ್ದರೆ ನೆಲದ ಬಿಸಿ ಬೇಗ ಹಾರಿಹೋಗುತ್ತದೆ, ತಣ್ಣನೆಯ ಭಾರದ ಗಾಳಿ ಕಣಿವೆಗೆ ಇಳಿದು ಕೂರುತ್ತದೆ. ಹಾಗಾಗಿಯೇ ದಿಬ್ಬದ ಮನೆಗಿಂತ ಕೆಳಗಿನ ತೋಟದಲ್ಲಿ ಚಳಿ ಹೆಚ್ಚು. ಕಾರವಾರವನ್ನು ಸಮುದ್ರ ಅಷ್ಟು ತಣಿಯಲು ಬಿಡುವುದಿಲ್ಲ. ಮೂಡಣ ಗಾಳಿ ಜೋರಿದ್ದ ದಿನ ಅಲ್ಲಿ ಕಡಲಗಾಳಿ ಏಳುವುದು ತಡ. ಬೆಳಿಗ್ಗೆ ಚಳಿ, ಮಧ್ಯಾಹ್ನ ಸೆಕೆ. ಕರಾವಳಿಯಲ್ಲಿ ಹವಾಮಾನ ಇಲಾಖೆ ಶೀತಗಾಳಿ ಎನ್ನಬೇಕಾದರೆ ಕನಿಷ್ಠ ತಾಪಮಾನ 15 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ಕಾರವಾರದಲ್ಲಿ ಅದು ಅಪರೂಪ.

ಅಡಿಕೆಗೆ ತೊಂದರೆ ಚಳಿಯಿಂದಲ್ಲ, ಇಬ್ಬನಿಯಿಂದ. ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಗೆ, 35ರಿಂದ 45 ದಿನದ ಬಿಸಿಲು ಬೇಕು. ರಾತ್ರಿ ಮತ್ತೆ ಮತ್ತೆ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಸಂಜೆ ಬಿಸಿಲು ಇಳಿಯುವ ಮೊದಲೇ ಒಟ್ಟುಮಾಡಿ ಮುಚ್ಚಿ. ಹೆಚ್ಚಿನವರು ಎಡವುವುದು ಇಲ್ಲೇ: ಪ್ಲಾಸ್ಟಿಕ್ ಹಾಳೆಯನ್ನು ಅಡಿಕೆಗೆ ತಾಗಿಸಿ ಹೊದಿಸುತ್ತಾರೆ, ಒಳಗಿನ ತೇವ ಹಾಳೆಯ ಅಡಿಯಲ್ಲೇ ಹನಿಗಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಅಡ್ಡಕ್ಕೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಕಟ್ಟಿ, ಗೇಣು ಎತ್ತರದಲ್ಲಿ ಹೊದಿಸಿ, ಎರಡೂ ತುದಿ ಗಾಳಿಯಾಡಲು ಬಿಡಿ. ಬೆಳಿಗ್ಗೆ ಅಂಗಳ ಆರಿದ ಮೇಲೆಯೇ ಹರಡಿ.

ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿಯ ಮೇಲೂ ಕಣ್ಣಿರಲಿ, ಅದು ಇಲ್ಲಿಗೂ ಮೋಡ ತರಬಹುದು. ಚಳಿಯ ನಡುವೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಬೆಚ್ಚಗಾದರೆ ಬಹುಪಾಲು ಮೋಡ ಕವಿದಿರುತ್ತದೆ. ಅಂದು ಅಡಿಕೆ ಹರಡದಿರುವುದೇ ಲೇಸು.