ಏಳು ಜನರಿಗೆ ಗಲ್ಲು, ಉಳಿದವರಿಗೆ?

‘ಮೈಯಲ್ ಕ್ರೀಕ್ ಬಗ್ಗೆ ನಿಮ್ಮ ಲೇಖನ ಓದಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು ಕೊಂದ ಏಳು ಜನರನ್ನು 1838ರಲ್ಲೇ ಗಲ್ಲಿಗೇರಿಸಿದರಂತೆ. ಅಂದಮೇಲೆ ಬ್ರಿಟಿಷರ ಕಾನೂನು ಎಲ್ಲರಿಗೂ ಒಂದೇ ಆಗಿತ್ತು ಅಲ್ವಾ? ಸುಮ್ನೆ ಯಾಕೆ ಬೈತೀರಿ?’
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಗಲ್ಲಿನ ವಿಷಯ ಹೇಳಿ, ವಿಚಾರಣೆ ಹೇಗೆ ನಡೆಯಿತು ಅನ್ನೋದನ್ನು ಬಿಟ್ಟಿದ್ದು ನಮ್ಮ ತಪ್ಪು.

1838ರ ಜೂನ್ 10ರಂದು ಮೈಯಲ್ ಕ್ರೀಕ್‌ನಲ್ಲಿ ಸತ್ತವರು ವಿರಾಯರಾಯ್ ಎಂಬ ಮೂಲನಿವಾಸಿ ಪಂಗಡದ ಸುಮಾರು 28 ಜನ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಗಟ್ಟಿಮುಟ್ಟಾದ ಗಂಡಸರು ಪಕ್ಕದ ದನದ ಠಾಣ್ಯಕ್ಕೆ (ದನ ಸಾಕುವ ದೊಡ್ಡ ಜಮೀನಿಗೆ) ಕೆಲಸಕ್ಕೆ ಹೋಗಿದ್ದರು. ಕುದುರೆ ಸವಾರರು ಬಂದಾಗ ಉಳಿದ ಈ ಜನ ಓಡಿದ್ದು ಮೈಯಲ್ ಕ್ರೀಕ್ ಠಾಣ್ಯದ ಆಳುಗಳ ಗುಡಿಸಲಿಗೆ. ಅಲ್ಲಿದ್ದ ಕಿಲ್‌ಮೈಸ್ಟರ್ ಎಂಬ ಆಳು ಈ ಜನರ ಜೊತೆ ಕುಣಿದು ನಕ್ಕು ಸ್ನೇಹದಿಂದಿದ್ದವನು. ಅವನೂ ಕೊಲೆಗಾರರ ಜೊತೆಗೇ ಹೊರಟ. ಎಲ್ಲರನ್ನೂ ಹಗ್ಗಕ್ಕೆ ಕಟ್ಟಿ ಎಳೆದೊಯ್ದು ಕಡಿದರು. ಆಮೇಲೆ ಬಂದು ಹೆಣಗಳನ್ನು ಸುಟ್ಟರು.

ಈ ಕೇಸು ಕೋರ್ಟು ಮುಟ್ಟಿದ್ದೇ ದೊಡ್ಡದು. ಠಾಣ್ಯದ ಮೇಲ್ವಿಚಾರಕ ಹಾಬ್ಸ್ ದೂರು ಕೊಟ್ಟ. ಗುಡಿಸಲಲ್ಲಿದ್ದ ಆ್ಯಂಡರ್ಸನ್ ಅನ್ನೋ ಕೈದಿ ಆಳು (ಬ್ರಿಟನ್ನಿನಿಂದ ಶಿಕ್ಷೆಯಾಗಿ ಇಲ್ಲಿಗೆ ಕಳಿಸಿದವನು) ಹೆದರದೆ ಸಾಕ್ಷಿ ನುಡಿದ. ಹಾಗಿದ್ದರೂ ಮೊದಲ ಜ್ಯೂರಿ ಸಿಕ್ಕಿಬಿದ್ದ 11 ಜನರನ್ನೂ ಕೆಲವೇ ನಿಮಿಷಗಳಲ್ಲಿ ಬಿಟ್ಟಿತು. ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್ ಪ್ಲಂಕೆಟ್ ಹಟ ಬಿಡಲಿಲ್ಲ. ಒಂದು ಮಗುವಿನ ಕೊಲೆಯ ಮೇಲೆ ಏಳು ಜನರನ್ನು ಮತ್ತೆ ಕಟಕಟೆಗೆ ತಂದರು. ಡಿಸೆಂಬರ್ 18ರಂದು ಗಲ್ಲಾಯಿತು. ಗುಂಪನ್ನು ಕರೆತಂದ ಜಾನ್ ಫ್ಲೆಮಿಂಗ್ ಮಾತ್ರ ಸಿಗಲೇ ಇಲ್ಲ. ಗುಂಪಿನಲ್ಲಿ ಅವನೊಬ್ಬನೇ ಹುಟ್ಟಿನಿಂದ ಸ್ವತಂತ್ರ. ಗಲ್ಲಾದವರೆಲ್ಲ ಕೈದಿಗಳಾಗಿ ಬಂದವರು. ಇದನ್ನೂ ಲೆಕ್ಕಕ್ಕಿಡಿ.

ಏಳು ಗಲ್ಲು ಕೊಲೆಗಳನ್ನು ನಿಲ್ಲಿಸಲಿಲ್ಲ, ಕೊಂದವರ ಬಾಯಿ ಮುಚ್ಚಿಸಿತು, ಅಷ್ಟೆ. 1842ರಲ್ಲಿ ಕಿಲ್ಕಾಯ್ ಎಂಬಲ್ಲಿ ಮೂಲನಿವಾಸಿಗಳನ್ನು ಹಿಟ್ಟಿಗೆ ವಿಷ ಬೆರೆಸಿ ಕೊಂದರು. ಅದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. 1928ರಲ್ಲಿ ಕಾನಿಸ್ಟನ್ ಎಂಬಲ್ಲಿ ಪೊಲೀಸ್ ಪೇದೆಯೊಬ್ಬನ ತಂಡ ಸರ್ಕಾರಿ ಲೆಕ್ಕದಲ್ಲೇ 31 ಮೂಲನಿವಾಸಿಗಳನ್ನು ಗುಂಡಿಟ್ಟು ಕೊಂದಿತು. ತನಿಖಾ ಮಂಡಳಿ ಅದನ್ನು ಆತ್ಮರಕ್ಷಣೆ ಅಂದಿತು!

ಕಾನೂನು ಎಲ್ಲರಿಗೂ ಒಂದೇ ಆಗಿತ್ತಾ ಅಂತ ಕೇಳಿದ್ದೀರಿ. ಮೈಯಲ್ ಕ್ರೀಕ್‌ನಲ್ಲಿ ಉಳಿದ ನಾಲ್ವರು ಹೇಗೆ ಪಾರಾದರು ನೋಡಿ. ಅವರ ವಿರುದ್ಧ ಡೇವಿ ಎಂಬ ಮೂಲನಿವಾಸಿ ಯುವಕನ ಸಾಕ್ಷಿ ಬೇಕಿತ್ತು. ಅವನು ಕ್ರೈಸ್ತನಲ್ಲ, ಬೈಬಲ್ ಮುಟ್ಟಿ ಪ್ರಮಾಣ ಮಾಡಲು ಬರೋದಿಲ್ಲ ಅಂತ ಆ ಸಾಕ್ಷಿ ಕೂಡಲೇ ನಡೆಯಲಿಲ್ಲ. ಪ್ರಮಾಣ ಮಾಡುವಂತೆ ಅವನನ್ನು ತಯಾರು ಮಾಡಲೆಂದು ಕೇಸು ಮುಂದಕ್ಕೆ ಹಾಕಿದರು, ಅಷ್ಟರಲ್ಲಿ ಅವನೇ ಕಾಣೆಯಾದ. ನಾಲ್ವರೂ ಬಿಡುಗಡೆಯಾದರು. ಮೈಯಲ್ ಕ್ರೀಕ್ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರಮಾಣದ ಆ ನಿಯಮ ಬದಲಾಗಿದ್ದು 1876ರಲ್ಲಿ.