ಕೈ ಇಲ್ಲದವನನ್ನು ಸಾಕಿದವರು ಯಾರು?

ಪ್ರಶ್ನೆ: ನಮಗೆ ಹತ್ತಿರದ, ಈಗ ಅಳಿದುಹೋದ ಮಾನವ ಜಾತಿ ನಿಯಾಂಡರ್ತಾಲರು ಒರಟು ಕಾಡುಜನ ಎಂದೇ ಓದಿದ್ದೆ. ಈಗ ಅವರು ಅಂಗವಿಕಲರನ್ನೂ ನೋಡಿಕೊಳ್ಳುತ್ತಿದ್ದರು ಅಂತಾರೆ. ಬರೀ ಮೂಳೆ ನೋಡಿ ಇದನ್ನು ಹೇಗೆ ಹೇಳುತ್ತಾರೆ? ಅವರ ಅಂಶ ನಮ್ಮಲ್ಲೂ ಇದೆಯಾ?

ಉತ್ತರ: ಮುರಿದ ಮೂಳೆ ಕೂಡಿಕೊಳ್ಳಲು ಸಮಯ ಬೇಕು, ಅಲ್ವಾ? ಕೂಡಿದ ಗುರುತು ಮೂಳೆಯಲ್ಲೇ ಉಳಿಯುತ್ತದೆ. ಸಾಯುವ ಹೊತ್ತಿಗೆ ಬಿದ್ದ ಪೆಟ್ಟಿನಲ್ಲಿ ಆ ಗುರುತು ಇರುವುದಿಲ್ಲ. ಗಾಯವಾದ ಮೇಲೂ ವ್ಯಕ್ತಿ ಬದುಕಿದ್ದನೇ ಅಂತ ತಿಳಿಯುವುದು ಹೀಗೆ.

ಇರಾಕಿನ ಕುರ್ದಿಸ್ತಾನದಲ್ಲಿ ಶಾನಿದಾರ್ ಎಂಬ ಗುಹೆ ಇದೆ. 1957ರಲ್ಲಿ ಪುರಾತತ್ವಜ್ಞ ರಾಲ್ಫ್ ಸೊಲೆಕಿ ಅವರ ತಂಡಕ್ಕೆ ಅಲ್ಲಿ ಒಬ್ಬ ನಿಯಾಂಡರ್ತಾಲ್ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಎಡಗಣ್ಣಿನ ಹತ್ತಿರ ಜೋರು ಪೆಟ್ಟು ಬಿದ್ದಿತ್ತು, ಆ ಕಣ್ಣು ಬಹುಶಃ ಕಾಣುತ್ತಿರಲಿಲ್ಲ. ಬಲಗೈ ಸೊರಗಿತ್ತು, ಮೊಣಕೈಯಿಂದ ಕೆಳಗೆ ಇರಲೇ ಇಲ್ಲ. ಕಾಲು ಕುಂಟು. ಕಿವಿಯ ಕೊಳವೆಯಲ್ಲಿ ಮೂಳೆ ಬೆಳೆದು ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಗಾಯಗಳೆಲ್ಲ ಮಾಗಿ ಎಷ್ಟೋ ವರ್ಷ ಆಗಿತ್ತು. ಸತ್ತಾಗ ಅವನಿಗೆ ಸುಮಾರು 40 ವರ್ಷ. ಅವರಲ್ಲಿ ಅದು ಮುಪ್ಪಿನ ವಯಸ್ಸೇ.

ಅಂಥವನು ಒಬ್ಬನೇ ಬೇಟೆಯಾಡಿ ಅಷ್ಟು ಕಾಲ ಬದುಕಲು ಆಗುತ್ತಿರಲಿಲ್ಲ. ಜೊತೆಯವರು ಮಾಂಸ ಹಂಚಿದ್ದಾರೆ, ಜಾಗ ಬದಲಿಸುವಾಗ ಅವನ ಹೆಜ್ಜೆಗೆ ತಕ್ಕಂತೆ ನಡೆದಿದ್ದಾರೆ ಎಂದೇ ನಾನು ನಂಬುತ್ತೇನೆ. ಕೆಲವು ತಜ್ಞರು ಇದಕ್ಕೆ ತಕರಾರು ತೆಗೆಯುತ್ತಾರೆ. ದೊಡ್ಡವನಾದವನು ಬೇರೆ ಕೆಲಸ ಮಾಡಿ ಋಣ ತೀರಿಸಿರಬಹುದು, ಅದು ಕೊಟ್ಟು ತಗೊಳ್ಳೋ ಲೆಕ್ಕ ಅಂತಾರೆ.

ಆದರೆ ಮಗುವಿನ ಹತ್ತಿರ ಏನು ತಗೊಳ್ಳೋದು? ಸ್ಪೇನಿನ ಕೋವಾ ನೆಗ್ರಾ ಗುಹೆಯಲ್ಲಿ ಸಿಕ್ಕ ಕಿವಿಯ ಭಾಗದ ಒಂದು ಮೂಳೆ ಚೂರಿನ ಅಧ್ಯಯನ 2024ರಲ್ಲಿ ಹೊರಬಂತು. ಆ ನಿಯಾಂಡರ್ತಾಲ್ ಮಗುವಿಗೆ ಬಹುಶಃ ಡೌನ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ತೊಂದರೆ ಇತ್ತು. ಕಿವಿ ಕೇಳದೆ, ತಲೆ ಸುತ್ತಿ, ನೆಟ್ಟಗೆ ನಿಲ್ಲುವುದೂ ಕಷ್ಟವಾಗಿದ್ದಿರಬೇಕು. ಆದರೂ ಕನಿಷ್ಠ 6 ವರ್ಷ ಬದುಕಿತು. ತಾಯಿ ಒಬ್ಬಳೇ ಕೂಳು ಹುಡುಕುತ್ತಾ ಅಂಥ ಮಗುವನ್ನು ಎತ್ತಿಕೊಂಡೇ ತಿರುಗಲು ಆಗುತ್ತಿತ್ತೇ? ಇಡೀ ಗುಂಪು ಕೈಜೋಡಿಸಿರಬೇಕು. ಈ ಪುಟ್ಟ ಮೂಳೆ ನನ್ನನ್ನು ಶಾನಿದಾರ್‌ನವನಿಗಿಂತ ಜಾಸ್ತಿ ಕಾಡುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೌದು, ನಮ್ಮಲ್ಲೂ ಇದೆ. ತಳಿವಿಜ್ಞಾನಿ ಸ್ವಾಂಟೆ ಪಾಬೊ ಅವರ ತಂಡ 2010ರಲ್ಲಿ ನಿಯಾಂಡರ್ತಾಲರ ಜೀನೋಮ್, ಅಂದರೆ ಡಿಎನ್‌ಎಯ ಒಟ್ಟು ಬರಹ, ಓದಿ ಇದನ್ನು ತೋರಿಸಿತು. 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಮೂಲದವರ ಡಿಎನ್‌ಎಯಲ್ಲಿ ಶೇ 1ರಿಂದ 2ರಷ್ಟು ನಿಯಾಂಡರ್ತಾಲರದು. ನಿಮ್ಮಲ್ಲಿರುವ ತುಣುಕು ನನ್ನಲ್ಲಿ ಇರಬೇಕೆಂದಿಲ್ಲ.

ಅದರಲ್ಲೊಂದು ತುಣುಕು 3ನೇ ಕ್ರೋಮೋಸೋಮಿನಲ್ಲಿದೆ (ಕ್ರೋಮೋಸೋಮ್ ಎಂದರೆ ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರುವ ಎಳೆ). ಅದಿದ್ದವರಿಗೆ ಕೋವಿಡ್ ಉಲ್ಬಣಿಸುವ ಅಪಾಯ ಹೆಚ್ಚು ಎಂದು 2020ರಲ್ಲಿ ಗೊತ್ತಾಯಿತು. ಯುರೋಪಿನಲ್ಲಿ ಶೇ 16ರಷ್ಟು ಜನರಲ್ಲಿ ಇರುವ ಇದು, ನಮ್ಮ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಸುಮ್ನೆ ಹೆದರಬೇಡಿ. ವಯಸ್ಸು, ಸಕ್ಕರೆ ಕಾಯಿಲೆಯಂಥವೂ ಲೆಕ್ಕಕ್ಕೆ ಬರುತ್ತವೆ. ಮುಂದಿನ ವರ್ಷವೇ 12ನೇ ಕ್ರೋಮೋಸೋಮಿನಲ್ಲಿ ಅದೇ ಕಾಯಿಲೆಯಿಂದ ಸ್ವಲ್ಪ ರಕ್ಷಣೆ ಕೊಡುವ ಇನ್ನೊಂದು ತುಣುಕು ಸಿಕ್ಕಿತು. ಅದೂ ನಿಯಾಂಡರ್ತಾಲರಿಂದಲೇ ಬಂದದ್ದು.