ಏಳು ವರ್ಷದ ಮಗಳನ್ನು ಭರತನಾಟ್ಯಕ್ಕೆ ಸೇರಿಸಿದ್ದೇವೆ, ಒಂದು ಪುಟ ನಿಯಮ ಕೊಟ್ಟಿದ್ದಾರೆ. ಇಷ್ಟೆಲ್ಲ ಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಅಂಥದ್ದೇ ಒಂದು ಪುಟ ನಾನೂ ಕೊಡುತ್ತೇನೆ. ಉಡುಪಿಯಲ್ಲಿ ಮನೆಯ ಮಹಡಿ ಮೇಲೆ ಹದಿನೆಂಟು ವರ್ಷದಿಂದ ಕ್ಲಾಸ್ ಮಾಡುತ್ತಿದ್ದೇನೆ. ನೀವು ಬರೆದಿರುವ ಮಂಗಳೂರಿನ ಕ್ಲಾಸಿನ ನಿಯಮ ಇವು: ತಡವಾದರೆ ಒಳಗೆ ಬಿಡುವುದಿಲ್ಲ, ರಜೆ ಮಾಡಿದರೂ ತಿಂಗಳ ಫೀಸ್ ಪೂರ್ತಿ, ಅಪ್ಪ ಅಮ್ಮ ಒಳಗೆ ಕೂರುವಂತಿಲ್ಲ, ವೀಡಿಯೊ ಮಾಡುವಂತಿಲ್ಲ, ಟೀಚರನ್ನು ಕೇಳದೆ ಹೊರಗೆ ಎಲ್ಲೂ ಕುಣಿಯುವಂತಿಲ್ಲ. "ಇದು ಡ್ಯಾನ್ಸ್ ಕ್ಲಾಸಾ, ಮಿಲಿಟರಿಯಾ" ಅಂತ ಕೇಳಿದ್ದೀರಿ. ಮಗಳನ್ನು ಹೇಗೆ ತಯಾರು ಮಾಡಿ ಕಳಿಸುವುದು ಅಂತಲೂ ಕೇಳಿದ್ದೀರಿ.

ತಡವಾಗುವುದರ ವಿಷಯ ಮೊದಲು ಹೇಳಿಬಿಡುತ್ತೇನೆ. ಕ್ಲಾಸಿನ ಮೊದಲ ಹದಿನೈದು ಇಪ್ಪತ್ತು ನಿಮಿಷ ನೋಡುವವರಿಗೆ ಏನೂ ಅಲ್ಲ ಅನಿಸುತ್ತದೆ. ತುಳಿಯುವ ಮೊದಲು ಭೂಮಿಯ ಹತ್ತಿರ ಕ್ಷಮೆ ಕೇಳುವ ನಮಸ್ಕಾರ. ಆಮೇಲೆ ಸೊಂಟ, ಮಂಡಿ, ಹಿಮ್ಮಡಿಗೆ ಸ್ವಲ್ಪ ವ್ಯಾಯಾಮ. ನಂತರ ತಟ್ಟಡವು, ಅಂದರೆ ಪಾದ ತಟ್ಟುವ ಮೊದಲ ಅಡವು (ಅಡವು ಅಂದರೆ ನೃತ್ಯದ ಮೂಲ ಹೆಜ್ಜೆ). ಅದನ್ನು ಒಂದನೇ ಕಾಲದಲ್ಲಿ (ಕಾಲ ಅಂದರೆ ಇಲ್ಲಿ ವೇಗ) ನಿಧಾನವಾಗಿ ಮಾಡಿ, ಎರಡನೆಯದರಲ್ಲಿ ಅದರ ಎರಡರಷ್ಟು, ಮೂರನೆಯದರಲ್ಲಿ ನಾಲ್ಕರಷ್ಟು ವೇಗಕ್ಕೆ ಹೋಗುತ್ತೇವೆ. ಮೈ ಬಿಸಿಯಾಗುವುದೇ ಈ ಏಣಿ ಹತ್ತುವಾಗ.

ಕೆಲವು ವರ್ಷದ ಹಿಂದೆ, ಒಂದು ಜುಲೈ. ಒಬ್ಬ ಹುಡುಗಿ ಅರ್ಧ ಗಂಟೆ ತಡವಾಗಿ ಬಂದಳು. ಮೆಟ್ಟಿಲು ಹತ್ತಿ ಓಡಿ ಬಂದವಳು ಹಾಗೇ ಸಾಲಿನಲ್ಲಿ ನಿಂತುಬಿಟ್ಟಳು. ಪಾಪ ಅಂತ ನಾನೂ ಸುಮ್ಮನಿದ್ದೆ. ಉಳಿದವರು ಆಗಲೇ ಮೂರನೇ ಕಾಲದಲ್ಲಿದ್ದರು. ಅವಳ ಕಾಲು ಒದ್ದೆ, ನಮ್ಮದು ರೆಡ್ ಆಕ್ಸೈಡ್ ನೆಲ. ನಾನು "ತೈಯಾ ತೈ" ಅನ್ನುವಷ್ಟರಲ್ಲಿ ಜಾರಿ ಕೂತಳು. ಪಾದ ಉಳುಕಿ ಮೂರು ವಾರ ಬ್ಯಾಂಡೇಜ್. ತಪ್ಪು ಅವಳದ್ದಲ್ಲ, ನನ್ನದು. ಈಗ ಬಾಗಿಲ ಹತ್ತಿರ ಗೋಣಿ ಹಾಸಿದೆ. ತಡವಾದವರು ಕಾಲು ಒರೆಸಿ, ಮೂಲೆಯಲ್ಲಿ ವ್ಯಾಯಾಮ ಮುಗಿಸಿ, ಆಮೇಲೆ ಸಾಲಿಗೆ ಸೇರಬೇಕು. ಆದರೆ ನಾನು ಯಾರನ್ನೂ ವಾಪಸ್ ಕಳಿಸುವುದಿಲ್ಲ. ಏಳು ವರ್ಷದ ಮಗು ತನ್ನ ತಪ್ಪಿನಿಂದ ತಡವಾಗುವುದು ಕಡಿಮೆ. ಸ್ಕೂಟರ್ ಓಡಿಸುವುದು ಅವಳಲ್ಲವಲ್ಲ. ನಿಮ್ಮ ಟೀಚರ್ ನಿಜವಾಗಿಯೂ ಬಾಗಿಲಿನಿಂದ ವಾಪಸ್ ಕಳಿಸುತ್ತಾರಾ, ಅಥವಾ ಹೆದರಿಸಲು ಬರೆದದ್ದಾ, ಕೇಳಿ ನೋಡಿ. ಹೆಚ್ಚಾಗಿ ಎರಡನೆಯದೇ.

ಫೀಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ವಾರ ಬರಲಿಲ್ಲ ಅಂತ ಲೆಕ್ಕ ಹಾಕಿ ಕಳೆಯುತ್ತಾ ಕೂತರೆ ಯಾರೂ ಕ್ಲಾಸ್ ನಡೆಸಲು ಆಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಡಿಸಿ ರಜೆ ಕೊಟ್ಟ ತಕ್ಷಣ ವಾಟ್ಸಾಪ್‌ನಲ್ಲಿ "ಟೀಚರ್, ಇವತ್ತು ಕ್ಲಾಸ್ ಇದೆಯಾ" ಅಂತ ಇಪ್ಪತ್ತು ಮೆಸೇಜ್ ಬರುತ್ತವೆ. ಅಂಥ ದಿನಕ್ಕೆ ನಾನು ಬದಲಿ ಕ್ಲಾಸ್ ಕೊಡುತ್ತೇನೆ. ಜ್ವರ ಬಂದು ತಿಂಗಳಿಡೀ ಮಲಗಿದ ಮಗುವಿನ ಹತ್ತಿರ ಫೀಸ್ ಕೇಳುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಅಪ್ಪ ಅಮ್ಮ ಒಳಗೆ ಕೂರಬಾರದು ಅನ್ನುವುದು ನಿಮಗೆ ಬೇಸರ ತಂದಿದೆ ಅಂತ ಗೊತ್ತಾಯಿತು. ಏನಾಗುತ್ತದೆ ಹೇಳುತ್ತೇನೆ. ಮಗು ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲಿ ಇರುತ್ತದೆ, ದೃಷ್ಟಿ ಕೈಯ ಮೇಲಿರಬೇಕು, ಆದರೆ ಕಣ್ಣು ಕಿಟಕಿಯ ಹತ್ತಿರ ಕೂತ ಅಮ್ಮನ ಮೇಲೆ. ಅಮ್ಮ ಅಲ್ಲಿಂದಲೇ ತುಟಿ ಅಲ್ಲಾಡಿಸುತ್ತಾ "ಮಂಡಿ, ಮಂಡಿ" ಅನ್ನುತ್ತಾರೆ. ಮಗುವಿಗೆ ಇಬ್ಬರು ಟೀಚರ್ ಆದ ಹಾಗೆ. ಹೀಗಾಗಿ ಬೇಡ ಅನ್ನುವುದು. ಆದರೆ ಬಾಗಿಲು ತೆರೆದಿರಬೇಕು, ಹೊರಗಿನ ಬೆಂಚಿನಿಂದ ಒಳಗೆ ಕಾಣುತ್ತಿರಬೇಕು. ಬಾಗಿಲು ಹಾಕಿಕೊಂಡು ನಡೆಸುವ ಕ್ಲಾಸ್ ಆದರೆ ಯಾವ ಸಂಕೋಚವೂ ಇಲ್ಲದೆ ಕೇಳಿ. ಅದು ನಿಮ್ಮ ಹಕ್ಕು.

ವೀಡಿಯೊ ಬೇಡ ಅನ್ನುವುದು ಸರಿ. ಅದರಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಮುಂಬಯಿಯಲ್ಲಿರುವ ಅಜ್ಜಿಗೆ ಕಳಿಸಬೇಕು ಅಂತಿದ್ದರೆ ಮನೆಯಲ್ಲಿ ಮಾಡಿಸಿ ಕಳಿಸಿ. ಟೀಚರ್ ಹೇಳುವ ಸೊಲ್ಲುಕಟ್ಟನ್ನು ("ತೈಯಾ ತೈ" ಥರದ ತಾಳದ ಮಾತುಗಳನ್ನು) ಮಾತ್ರ ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಕೇಳಿ. ಅಭ್ಯಾಸಕ್ಕೆ ಅದೇ ಬೇಕಾಗುವುದು.

ಹೊರಗೆ ಕುಣಿಯಬಾರದು ಅನ್ನುವುದರಲ್ಲಿ ನನಗೆ ಹಠ ಇಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿದರೆ ಅಡವು ಮರೆತುಹೋಗುವುದಿಲ್ಲ. ಅಷ್ಟಮಿಗೆ ಹುಲಿವೇಷ ಹಾಕಿದ್ದ ಹುಡುಗನೊಬ್ಬ ಮುಂದಿನ ಕ್ಲಾಸಿಗೆ ಕಿವಿಯ ಹಿಂದೆ ಹಳದಿ ಬಣ್ಣ ಹಾಗೇ ಇಟ್ಟುಕೊಂಡು ಬಂದಿದ್ದ. ಆವತ್ತು ಅವನ ಅರೆಮಂಡಿ ಎಲ್ಲರಿಗಿಂತ ಚೆನ್ನಾಗಿತ್ತು! ತಾಸೆ ವಾದ್ಯದ ಪೆಟ್ಟಿಗೆ ಎರಡು ದಿನ ಮಂಡಿ ಬಗ್ಗಿಸಿ ಕುಣಿದು ಬಂದಿದ್ದನಲ್ಲ.

ಈಗ ತಯಾರಿ. ಊಟ ಮಾಡಿಸಿ ಸೀದಾ ಕಳಿಸಬೇಡಿ. ಊಟಕ್ಕೂ ಕ್ಲಾಸಿಗೂ ಎರಡು ಗಂಟೆ ಬಿಡುವಿರಲಿ. ಶಾಲೆಯಿಂದ ಬಂದು ಹಸಿವು ಅಂದರೆ ಒಂದು ಬಾಳೆಹಣ್ಣು, ಅಥವಾ ಒಂದು ಮುಷ್ಟಿ ಅವಲಕ್ಕಿ ಸಾಕು. ಖಾಲಿ ಹೊಟ್ಟೆಯಲ್ಲೂ ಬೇಡ, ತಲೆ ಸುತ್ತುತ್ತದೆ. ಚೂಡಿದಾರ್ ಹಾಕಿ ಶಾಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಪ್ಯಾಂಟ್ ಹಿಮ್ಮಡಿಗಿಂತ ಕೆಳಗೆ ಇಳಿಯಬಾರದು, ಅದರ ಮೇಲೆ ಕಾಲಿಟ್ಟು ಬೀಳುವವರೇ ಜಾಸ್ತಿ. ಕೂದಲು ಜಡೆ ಹಾಕಿ, ಮುಖದ ಮೇಲೆ ಬೀಳದ ಹಾಗೆ ಪಿನ್ ಮಾಡಿ. ಕಾಲಿನ ಚೈನು, ಬಳೆ ಮನೆಯಲ್ಲೇ ಇರಲಿ. ಉಗುರು ಕತ್ತರಿಸಿರಲಿ. ಹೊರಡುವ ಮೊದಲು ಬಾತ್‌ರೂಮಿಗೆ ಹೋಗಿ ಬರಲಿ. ಇದನ್ನು ಯಾರೂ ಪುಟದಲ್ಲಿ ಬರೆಯುವುದಿಲ್ಲ, ಆದರೆ ಅರ್ಧ ಕ್ಲಾಸ್ ಹಾಳಾಗುವುದು ಇದರಿಂದಲೇ.

ಮನೆಯಲ್ಲಿ ದಿನಾ ಹದಿನೈದು ನಿಮಿಷ ಅಭ್ಯಾಸ ಸಾಕು. ಭಾನುವಾರ ಎರಡು ಗಂಟೆ ಒಟ್ಟಿಗೆ ಮಾಡಿಸುವುದಕ್ಕಿಂತ ಅದೇ ಒಳ್ಳೆಯದು. ಸಾಕ್ಸ್ ಹಾಕಿ ಟೈಲ್ಸ್ ಮೇಲೆ ಬೇಡ. ಅರೆಮಂಡಿಯಲ್ಲಿ ಮಂಡಿ ಪಾದದ ಬೆರಳಿನ ದಿಕ್ಕಿಗೇ ಹೋಗಬೇಕು. ತೊಡೆಯನ್ನು ಸೊಂಟದಿಂದ ಹೊರಗೆ ತಿರುಗಿಸುವುದು, ಪಾದವನ್ನು ಮಾತ್ರ ಎಳೆದು ತಿರುಗಿಸುವುದಲ್ಲ. ಮೊಬೈಲಿನಲ್ಲಿ ಯಾರನ್ನೋ ನೋಡಿ "ಇನ್ನೂ ಕೆಳಗೆ ಕೂರು" ಅಂತ ಹೆಗಲು ಒತ್ತಬೇಡಿ. ಮಂಡಿ ನೋಯುತ್ತದೆ ಅಂದರೆ ನಿಲ್ಲಿಸಿ, ಟೀಚರಿಗೆ ಹೇಳಿ. ಕೈಯ ಪಾಠ ಎಲ್ಲಿ ಬೇಕಾದರೂ ಆಗುತ್ತದೆ. ಒಂದೇ ಕೈಯಲ್ಲಿ ಹಿಡಿಯುವ ಹಸ್ತಗಳು, ಅಂದರೆ ಕೈಮುದ್ರೆಗಳು, ಅಭಿನಯದರ್ಪಣ ಅನ್ನುವ ಹಳೆಯ ನಾಟ್ಯಗ್ರಂಥದ ಪ್ರಕಾರ 28. ನನ್ನ ಒಬ್ಬ ವಿದ್ಯಾರ್ಥಿನಿ ಪತಾಕ, ತ್ರಿಪತಾಕ, ಅರ್ಧಪತಾಕ, ಕರ್ತರೀಮುಖ ಅಂತ ಎಲ್ಲವನ್ನೂ ಮಣಿಪಾಲದ ಬಸ್ಸಿನಲ್ಲೇ ಕಲಿತಳು, ಕಂಡಕ್ಟರ್‌ಗೂ ಅರ್ಧ ಬಾಯಿಪಾಠ ಆಗಿತ್ತಂತೆ.

"ಯಾವಾಗ ಸ್ಟೇಜ್, ಯಾವಾಗ ಜೂನಿಯರ್ ಪರೀಕ್ಷೆ" ಅಂತ ಮೂರು ತಿಂಗಳಿಗೇ ಕೇಳಬೇಡಿ. ಅಡವುಗಳಿಗೇ ವರ್ಷ, ಎರಡು ವರ್ಷ ಹಿಡಿಯುತ್ತದೆ. ಅಲರಿಪು, ಅಂದರೆ ಸ್ಟೇಜಿನ ಮೊದಲ ನೃತ್ಯ, ಬರುವುದು ಅದರ ನಂತರ.

ನಾನಾದರೆ ಆ ಪುಟದಲ್ಲಿ ಹುಡುಕುವುದು ಬೇರೆ. ಟೀಚರಿಗೂ ಒಂದೆರಡು ನಿಯಮ ಇದೆಯಾ? ನಾನು ಚಿಕ್ಕವಳಿದ್ದಾಗ ಕಲಿಯುತ್ತಿದ್ದ ಕಡೆ, ಹೆಸರು ಬೇಡ, ವಾರ್ಷಿಕೋತ್ಸವಕ್ಕೆ ಹತ್ತು ದಿನ ಇರುವಾಗ ಡ್ರೆಸ್ಸಿನ ಬಾಡಿಗೆ, ಮೇಕಪ್, ಹಾಲ್ ಅಂತ ಒಟ್ಟಿಗೆ ದುಡ್ಡು ಕೇಳಿದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಮಜೂರಿ ಮುಂಗಡ ಕೇಳಿ ತಂದರು. ನನಗೆ ಹೇಳಲಿಲ್ಲ. ಅಕ್ಕ ಆಮೇಲೆ ಹೇಳಿದಳು. ಹಾಗಾಗಿ ನನ್ನ ಪುಟದ ಕೊನೆಯ ಸಾಲು: ಯಾವ ಖರ್ಚಿದ್ದರೂ ಎರಡು ತಿಂಗಳು ಮೊದಲೇ ಹೇಳುತ್ತೇನೆ, ಆಗದಿದ್ದರೆ ಕಾರ್ಯಕ್ರಮ ಕಡ್ಡಾಯ ಅಲ್ಲ. ನಿಮ್ಮ ಟೀಚರಿನ ಹತ್ತಿರ ಇದನ್ನು ಈಗಲೇ ಕೇಳಿ. ವಾರ್ಷಿಕೋತ್ಸವಕ್ಕೆ ಎಷ್ಟಾಗಬಹುದು, ಡ್ರೆಸ್ ಬಾಡಿಗೆಗೋ ಹೊಲಿಸಬೇಕೋ, ಪರೀಕ್ಷೆ ಫೀಸ್ ಬೇರೆಯಾ. ಒಳ್ಳೆಯ ಟೀಚರ್ ಬೇಸರ ಮಾಡಿಕೊಳ್ಳುವುದಿಲ್ಲ.

ಗೆಜ್ಜೆ ಈಗಲೇ ಆನ್‌ಲೈನ್‌ನಲ್ಲಿ ತರಿಸಬೇಡಿ. ಅದಕ್ಕೆ ಗೆಜ್ಜೆಪೂಜೆ ಅಂತ ಒಂದು ದಿನ ಬರುತ್ತದೆ, ಯಾವ ಅಳತೆ ಅಂತ ಟೀಚರೇ ಹೇಳುತ್ತಾರೆ. ಸದ್ಯಕ್ಕೆ ಚಪ್ಪಲಿಗೂ ಕೊಡೆಗೂ ಹೆಸರು ಬರೆದು ಕಳಿಸಿ. ಕಳೆದ ವಾರ ನಮ್ಮ ಮೆಟ್ಟಿಲ ಕೆಳಗೆ ಒಂದೇ ಥರದ ಏಳು ಕಪ್ಪು ಕೊಡೆ ಇದ್ದವು, ಯಾರದ್ದು ಯಾರು ತೆಗೆದುಕೊಂಡು ಹೋದರೋ ಇನ್ನೂ ಇತ್ಯರ್ಥ ಆಗಿಲ್ಲ.